ಆಟ ಹೇಗುಂಟು ಅಂತ ಕೇಳಿದರೆ ಎಂತ ಹೇಳುವುದು?

ಹೋದ ತಿಂಗಳು ಈ ಪುಟದಲ್ಲಿ ಗೇಮ್ ಜಾಮ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಒಂದು ವಿಷಯ ಕೊಡುತ್ತಾರೆ. 48 ಗಂಟೆಯೋ 72 ಗಂಟೆಯೋ ಟೈಮ್. ಅಷ್ಟರೊಳಗೆ ಅದರ ಮೇಲೆ ಒಂದು ಸಣ್ಣ ಆಟ ಮಾಡಿ ಹಾಕಬೇಕು. ಆಮೇಲೆ ಒಬ್ಬರ ಆಟವನ್ನು ಇನ್ನೊಬ್ಬರು ಆಡಿ ಅಭಿಪ್ರಾಯ ಬರೆಯುತ್ತಾರೆ. ಇಷ್ಟು ಬರೆದದ್ದಕ್ಕೆ 'ಕೋಡಿಂಗ್ ಎಲ್ಲಿ ಕಲಿಯುವುದು' ಅಂತ ಪತ್ರ ಬರಬಹುದು ಅಂದುಕೊಂಡಿದ್ದೆ. ಬಂದದ್ದು ಬರೀ ಬೇಜಾರಿನ ಪತ್ರ! ಅವನು ಹೀಗೆ ಹೇಳಿದ, ನಾನು ಹಾಗೆ ಹೇಳಿದೆ, ಈಗ ಮಾತೇ ಇಲ್ಲ.

ನನ್ನ ಪರಿಚಯ ಇಲ್ಲದವರಿಗೆ: ಬೆಂಗಳೂರಿನಲ್ಲಿ ಒಂಬತ್ತು ವರ್ಷ ಮೊಬೈಲ್ ಗೇಮ್ ಟೆಸ್ಟರ್ ಆಗಿದ್ದೆ. ಆಡಿ ತಪ್ಪು ಹುಡುಕುವುದಕ್ಕೇ ಸಂಬಳ. ಈಗ ಮಂಗಳೂರಿನ ಬಿಜೈಯಲ್ಲಿ ಇದ್ದೇನೆ, ಕೆಲಸ ಮನೆಯಿಂದ. ಜಾಮ್ ಬಂದರೆ ನಾನೂ ನಿದ್ದೆ ಬಿಡುತ್ತೇನೆ.

ಅಕ್ಕ, ನಾವು ಮೂವರು ಸೇರಿ ಲುಡಮ್ ಡೇರ್ ಅನ್ನುವ ಆನ್‌ಲೈನ್ ಜಾಮ್‌ಗೆ 72 ಗಂಟೆಯಲ್ಲಿ ಒಂದು ಕಂಬಳದ ಆಟ ಮಾಡಿದೆವು. ಎಡ ಬಾಣ, ಬಲ ಬಾಣ ಒಂದರ ಹಿಂದೆ ಒಂದು ಒತ್ತುತ್ತಾ ಹೋದರೆ ಕೋಣಗಳು ಓಡುತ್ತವೆ. ಕೊನೆಗೆ ಸರಿಯಾದ ಹೊತ್ತಿಗೆ ಸ್ಪೇಸ್ ಒತ್ತಿದರೆ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ಹಾರುತ್ತದೆ. 26 ಕಾಮೆಂಟ್ ಬಂತು. ಅರ್ಧಕ್ಕರ್ಧ 'ನೈಸ್ ಗೇಮ್'. ಒಬ್ಬ 'ಬೆರಳು ನೋಯುತ್ತದೆ' ಅಂದ. ಒಬ್ಬ 'ಹಸುಗಳಿಗೆ ಬಂದೂಕು ಕೊಡಿ, ಆಗ ಮಜಾ ಬರುತ್ತದೆ' ಅಂದ. ಇನ್ನೊಬ್ಬ 'ಕಂಟ್ರೋಲ್ ಚೆನ್ನಾಗಿಲ್ಲ' ಅಂತ ಮಾತ್ರ ಬರೆದ. ಕೋಣವನ್ನು ಹಸು ಅಂದದ್ದಕ್ಕೆ ಚಿತ್ರ ಮಾಡಿದ ಗೆಳೆಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇವರಿಗೆಲ್ಲ ಉತ್ತರ ಕೊಡಬೇಕಾ, ಬಿಟ್ಟುಬಿಡಬೇಕಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಮೊದಲು ಆ ಗೆಳೆಯನಿಗೆ ಊಟ ಮಾಡಿಸಿ. ಕಂಬಳ ನೋಡದವನಿಗೆ ಎರಡು ಕೊಂಬು, ನಾಲ್ಕು ಕಾಲು ಇದ್ದದ್ದೆಲ್ಲ ಹಸುವೇ. ನೀವು ಕಳಿಸಿದ ಲಿಂಕಿನಲ್ಲಿ ಆಟ ಆಡಿದೆ. ನಿಮ್ಮ ಕೋಣದ ಅಗಲ ಹೆಚ್ಚೆಂದರೆ 32 ಪಿಕ್ಸೆಲ್. ಅಷ್ಟು ಜಾಗದಲ್ಲಿ ಇದು ಕೋಣ ಅಂತ ಹೇಳಲಿಕ್ಕೆ ಇರುವುದು ಕೊಂಬು ಒಂದೇ. ಅದು ನೆಟ್ಟಗೆ ಮೇಲಕ್ಕೆ ನಿಂತಿದೆ. ಹಿಂದಕ್ಕೆ ಬಾಗಿಸಿ, ಮೈಗೆ ಇನ್ನೂ ಸ್ವಲ್ಪ ಕಪ್ಪು ಹಾಕಿ. ಅಲ್ಲಿಗೆ ಆ ಕಥೆ ಮುಗಿಯಿತು.

ಈಗ ಬಂದೂಕಿನವನ ವಿಷಯ. ನೀವು ಮೂವರೂ ಅವನನ್ನು ನೆನೆದು ನಕ್ಕಿರಬೇಕು. ನನ್ನ ಲೆಕ್ಕದಲ್ಲಿ 26 ಜನರಲ್ಲಿ ನಿಮಗೆ ಜಾಸ್ತಿ ಉಪಕಾರ ಮಾಡಿದವನು ಅವನೇ. ಮೊಬೈಲಿನಲ್ಲಿ ಟೈಮ್ ಇಟ್ಟು ಓಡಿದೆ. ನಿಮ್ಮ ಕರೆಯ, ಅಂದರೆ ಕೋಣ ಓಡುವ ಕೆಸರುಗದ್ದೆಯ, ಈ ತುದಿಯಿಂದ ಆ ತುದಿಗೆ 34 ಸೆಕೆಂಡ್. ಮೊದಲ ಹತ್ತು ಸೆಕೆಂಡ್ ಖುಷಿ. ಕೆಸರು ಹಾರುತ್ತದೆ, ಜನ ಕೂಗುತ್ತಾರೆ. ಆಮೇಲೆ? ಎಡ, ಬಲ, ಎಡ, ಬಲ. ಕಣ್ಣಿಗೆ ಕೆಲಸ ಇಲ್ಲ, ತಲೆಗೆ ಕೆಲಸ ಇಲ್ಲ. ಆ ಖಾಲಿ ಜಾಗ ಅವನಿಗೆ ಕಂಡಿದೆ. ಕಂಡ ಜಾಗಕ್ಕೆ ತನಗೆ ಗೊತ್ತಿದ್ದ ಬಂದೂಕು ತಂದು ಇಟ್ಟಿದ್ದಾನೆ. ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಹೋದವನು 'ಅಪೆಂಡಿಕ್ಸ್ ಇರಬೇಕು, ತೆಗೆದುಬಿಡಿ' ಅಂತಲೂ ಹೇಳಬಹುದು. ಹೊಟ್ಟೆನೋವು ಮಾತ್ರ ನಿಜ. ಉಳಿದದ್ದು ಡಾಕ್ಟರು ನೋಡಿಕೊಳ್ಳಬೇಕು. ಇಲ್ಲಿ ಡಾಕ್ಟರು ನೀವು.

ಬೆರಳು ನೋವಿನವನೂ ಅದನ್ನೇ ಹೇಳಿದ್ದು. ಸೆಕೆಂಡಿಗೆ ಆರು ಸಲ ಒತ್ತಿದರೂ ಒಂದು ಓಟಕ್ಕೆ ಇನ್ನೂರು ಸಲ ದಾಟುತ್ತದೆ. ಮಾರಾಯ್ರೆ, 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ದೇಶವೆಲ್ಲ ಸುದ್ದಿಯಾಯಿತು. ನಿಮ್ಮ ಕೋಣಗಳಿಗೆ ಅದರ ಎರಡೂವರೆ ಪಾಲು ಹೊತ್ತು ಬೇಕು! ಓಟವನ್ನು 14 ಸೆಕೆಂಡಿಗೆ ಇಳಿಸಿ ನೋಡಿ. ಬಂದೂಕೂ ಬೇಡ, ಬೆರಳಿಗೆ ಮುಲಾಮೂ ಬೇಡ.

'ಕಂಟ್ರೋಲ್ ಚೆನ್ನಾಗಿಲ್ಲ' ಅಂದವನಿಗೆ ಮಾತ್ರ ಉತ್ತರ ಬರೆಯಿರಿ. ವಾದ ಬೇಡ. 'ಥ್ಯಾಂಕ್ಸ್, ಯಾವ ಕೀ ಒತ್ತಿದಾಗ, ಯಾವ ಜಾಗದಲ್ಲಿ ಹಾಗನ್ನಿಸಿತು?' ಅಂತ ಒಂದೇ ಪ್ರಶ್ನೆ. ಅವನು ಏನು ಹೇಳಬಹುದು ಅಂತ ನನಗೆ ಅಂದಾಜುಂಟು. ನಾನು ಬ್ರೌಸರಿನಲ್ಲಿ ಆಡುವಾಗ ಸ್ಪೇಸ್ ಒತ್ತಿದೆ. ನೀರೂ ಹಾರಿತು, ಜೊತೆಗೆ ಇಡೀ ಪುಟವೂ ಕೆಳಗೆ ಜಾರಿತು. ನಿಶಾನೆ ಎಲ್ಲಿ, ಕೋಣ ಎಲ್ಲಿ, ಒಂದೂ ಕಾಣಲಿಲ್ಲ. ಬ್ರೌಸರಿಗೆ ಸ್ಪೇಸ್ ಅಂದರೆ ಪುಟ ಕೆಳಗೆ ಹೋಗು ಅಂತ ಅರ್ಥ. ಅದನ್ನು ತಡೆಯುವ ಸಾಲು ನಿಮ್ಮ ಕೋಡಿನಲ್ಲಿ ಇಲ್ಲ.

ಇದು ಇಷ್ಟು ಬೇಗ ಗೊತ್ತಾಗಲಿಕ್ಕೆ ಕಾರಣ, ಇದೇ ಗುಂಡಿಗೆ ನಾನು ಬಿದ್ದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಜಾಮ್‌ಗೆ ಸಿಟಿ ಬಸ್ ಕಂಡಕ್ಟರ್ ಆಟ ಮಾಡಿದ್ದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಬಸ್ ಹೊರಡುತ್ತದೆ, ಟಿಕೆಟ್ ಕೊಡಬೇಕು, ಚಿಲ್ಲರೆ ಕೊಡಬೇಕು, ಸ್ಪೇಸ್ ಒತ್ತಿದರೆ ವಿಶಿಲ್, 'ರೈಟ್ ಪೋಯಿ!' ಮೂರು ಜನ 'ವಿಶಿಲ್ ಹೊಡೆದರೆ ಬಸ್ಸೇ ಮಾಯ' ಅಂತ ಬರೆದರು. ನಾನು ಮೂವರಿಗೂ 'ನನ್ನಲ್ಲಿ ಸರಿಯಾಗಿ ಓಡುತ್ತದಲ್ಲ' ಅಂತ ಉತ್ತರ ಕೊಟ್ಟೆ. ಒಂಬತ್ತು ವರ್ಷ ಟೆಸ್ಟರ್ ಆಗಿದ್ದವಳು! ಬೇರೆಯವರ ಬಾಯಲ್ಲಿ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ನಾನು ಯಾವಾಗಲೂ ಫುಲ್ ಸ್ಕ್ರೀನ್ ಮಾಡಿ ಆಡುತ್ತಿದ್ದೆ, ಅದಕ್ಕೇ ನನಗೆ ಕಂಡಿರಲಿಲ್ಲ. ನಾಲ್ಕನೆಯವರು ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದಾಗ ಬಾಯಿ ಮುಚ್ಚಿತು.

ಲುಡಮ್ ಡೇರ್‌ನಲ್ಲಿ ಗಡುವು ಮುಗಿದ ಮೇಲೂ ಬಗ್ ಸರಿ ಮಾಡಬಹುದು, ಹೊಸದು ಸೇರಿಸುವ ಹಾಗಿಲ್ಲ. ಹಾಗಾಗಿ ಸ್ಪೇಸ್ ಇವತ್ತೇ ಸರಿ ಮಾಡಿ. 14 ಸೆಕೆಂಡಿನ ಓಟ ಜಾಮ್ ಮುಗಿದ ಮೇಲಿನ ಆವೃತ್ತಿಗೆ ಇಟ್ಟುಕೊಳ್ಳಿ. ಇನ್ನೊಂದು, ಅಲ್ಲಿ ರ‍್ಯಾಂಕ್ ಸಿಗಬೇಕಾದರೆ ಕನಿಷ್ಠ 20 ಜನರ ರೇಟಿಂಗ್ ಬೇಕು. ಬೇರೆಯವರ ಆಟ ಆಡಿ ಬರೆದಷ್ಟೂ ನಿಮ್ಮ ಆಟ ಮೇಲೆ ಕಾಣಿಸುತ್ತದೆ. ಆ 'ನೈಸ್ ಗೇಮ್' ಅಂದವರಲ್ಲಿ ಎಷ್ಟೋ ಜನ ಇದೇ ಲೆಕ್ಕದಲ್ಲಿ ಬಂದವರು. ಅವರ ಮೇಲೆ ಸಿಟ್ಟು ಬೇಡ, ನೀವು ಹಾಗೆ ಬರೆಯಬೇಡಿ, ಅಷ್ಟೇ.

ಅರ್ಧಂಬರ್ಧ ಮುಗಿದ ಆಟಕ್ಕೆ ಎಷ್ಟು ಸ್ಟಾರ್ ಕೊಡುವುದು? ಎರಡು ಕೊಟ್ಟರೆ ಪಾಪ ಅನ್ನಿಸುತ್ತದೆ.
– ಓದುಗ, ಕಂಕನಾಡಿ

ಎರಡೇ ಕೊಡಿ. ಪಾಪ ಅನ್ನಿಸಿದ್ದನ್ನು ಕಾಮೆಂಟಿನಲ್ಲಿ ತೀರಿಸಿ, ಇನ್ನೆರಡು ಸಾಲು ಜಾಸ್ತಿ ಬರೆಯಿರಿ. ಎಲ್ಲರಿಗೂ ಐದು ಕೊಡುವವರ ಐದಕ್ಕೆ ಬೆಲೆ ಇಲ್ಲ. ಸ್ಟಾರ್ ಗೋಜಲೇ ಬೇಡ ಅಂದರೆ ಗ್ಲೋಬಲ್ ಗೇಮ್ ಜಾಮ್‌ಗೆ ಬನ್ನಿ. 2009ರಿಂದ ನಡೆಯುತ್ತಿದೆ, ಅಲ್ಲಿ ಸ್ಪರ್ಧೆಯೇ ಇಲ್ಲ.

ಮೇಡಂ, ನಮ್ಮ ಜೂನಿಯರ್ ಒಬ್ಬ 48 ಗಂಟೆಯ ಜಾಮ್‌ನಲ್ಲಿ ಆಟ ಮಾಡಿದ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಬೋಟುಗಳ ಮೇಲೆ ಒಂದು ಬೆಕ್ಕು ಹಾರುತ್ತಾ ಹೋಗಬೇಕು. ನಾನು ಕ್ಲಬ್ಬಿನ ಗ್ರೂಪಿನಲ್ಲಿ 'ಆಟದಲ್ಲಿ ಜೀವ ಇಲ್ಲ, ಜಂಪ್ ಅಂತೂ ಸತ್ತೇ ಹೋಗಿದೆ' ಅಂತ ಹಾಕಿದೆ. ಅವನು ಅವತ್ತಿನಿಂದ ನನ್ನ ಮುಖ ನೋಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ತಪ್ಪಾ?
– ಹೆಸರು ಬೇಡ, ಮಣಿಪಾಲ

ಇದ್ದದ್ದನ್ನು ಇದ್ದ ಹಾಗೆ ನೀವು ಹೇಳಲೇ ಇಲ್ಲ, ಅದೇ ತಕರಾರು. 'ಜೀವ ಇಲ್ಲ' ಅನ್ನುವುದು ತೀರ್ಪು. ತೀರ್ಪು ಕೇಳಿದವನು ಒಂದೋ ತಲೆ ತಗ್ಗಿಸುತ್ತಾನೆ, ಇಲ್ಲವೇ ಮುಖ ತಿರುಗಿಸುತ್ತಾನೆ. ಕೋಡ್ ತೆರೆದು ಕೂತುಕೊಳ್ಳುವುದಿಲ್ಲ. ಯಾವ ಸಾಲು ತಿದ್ದಬೇಕು ಅವನು? ಜೀವದ ಸಾಲು ಯಾವುದು?

ನಿಮಗೆ ಆಡುವಾಗ ಏನೋ ಆಗಿದೆ, ಅದಕ್ಕೇ ಹಾಗೆ ಬರೆದಿರಿ. ಆ ಆದದ್ದು ಏನು ಅಂತ ನಾನು ಕೇಳಿದಾಗ ಎರಡನೇ ಮೇಲ್‌ನಲ್ಲಿ ನೀವೇ ಬರೆದಿದ್ದೀರಿ: 'ಎರಡನೇ ಹಂತದಲ್ಲಿ ನೀಲಿ ಬೋಟಿನ ತುದಿಯಿಂದ ಹಾರಲು ಹೋದೆ. ಬಟನ್ ಒತ್ತಿದ್ದು ನನಗೆ ಖಾತ್ರಿ. ಆದರೂ ಬೆಕ್ಕು ಸುಮ್ನೆ ನೀರಿಗೆ ಬಿತ್ತು. ಐದು ಸಲ ಹಾಗೇ ಆಯಿತು, ಆರನೇ ಸಲಕ್ಕೆ ಬಿಟ್ಟೆ.' ನೋಡಿ, ಎಷ್ಟು ಒಳ್ಳೆಯ ಕಾಮೆಂಟ್! ಎಲ್ಲಿ, ಎಂತ ಮಾಡಲು ಹೋದಿರಿ, ಎಂತ ಆಯಿತು, ಎಷ್ಟು ಸಲ, ಎಲ್ಲಿ ಬಿಟ್ಟಿರಿ. ಇದನ್ನೇ ಅವನಿಗೆ ಕಳಿಸಿದ್ದರೆ ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದ.

ಯಾಕೆಂದರೆ ಈ ಕಾಯಿಲೆಗೆ ಹೆಸರುಂಟು, ಮದ್ದೂ ಉಂಟು. ಆಡುವವನ ಬೆರಳು ಯಾವಾಗಲೂ ಒಂದು ಚೂರು ತಡ. ಬೋಟಿನ ತುದಿಯಲ್ಲೇ ಒತ್ತಿದೆ ಅಂತ ನಮಗೆ ಅನ್ನಿಸುತ್ತದೆ, ಅಷ್ಟರಲ್ಲಿ ಬೆಕ್ಕಿನ ಕಾಲು ಬೋಟು ಬಿಟ್ಟಾಗಿರುತ್ತದೆ. ಕಂಪ್ಯೂಟರಿಗೆ ದಯೆ ಇಲ್ಲ, ಗಾಳಿಯಲ್ಲಿ ಇರುವವನಿಗೆ ಜಂಪ್ ಇಲ್ಲ ಅನ್ನುತ್ತದೆ. ಹಾಗಾಗಿ ತುದಿ ಬಿಟ್ಟ ಮೇಲೂ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಜಂಪ್ ಒಪ್ಪಿಕೊಳ್ಳುತ್ತಾರೆ. ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ಸೆಲೆಸ್ಟ್ ಆಡಿದ್ದೀರಲ್ವಾ? ಅಷ್ಟು ಕಷ್ಟದ ಆಟ ಕೈಗೆ ಹಿತ ಅನ್ನಿಸುವುದಕ್ಕೆ ಇಂಥ ಸಣ್ಣ ಸಣ್ಣ ರಿಯಾಯಿತಿಗಳೇ ಒಂದು ಕಾರಣ. ಆ ಆಟವೂ ಹುಟ್ಟಿದ್ದು ಹೀಗೇ ಗಡಿಬಿಡಿಯಲ್ಲಿ. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನದಲ್ಲಿ ಪಿಕೋ-8 ಅನ್ನುವ, ಸಣ್ಣ ಆಟ ಮಾಡುವ ಸಾಫ್ಟ್‌ವೇರಿನಲ್ಲಿ ಮಾಡಿದ ಪುಟ್ಟ ಆಟ ಅದು. ದೊಡ್ಡದಾಗಿ ಬಂದದ್ದು 2018ರಲ್ಲಿ.

ಒಂದು ಕೆಲಸ ಮಾಡಿ. ಆ ನಾಲ್ಕು ಸಾಲನ್ನು ಅವನಿಗೊಬ್ಬನಿಗೇ ಕಳಿಸಿ. 'ಕಯೋಟಿ ಟೈಮ್ ಹಾಕು' ಅಂತ ಮೊದಲೇ ಹೇಳಬೇಡಿ, ಅವನೇ ಹುಡುಕಲಿ, ಕೇಳಿದರೆ ಹೇಳಿ. ಗ್ರೂಪಿನಲ್ಲಿ ಹಾಕಿದ್ದಕ್ಕೆ ಗ್ರೂಪಿನಲ್ಲೇ ಸಾರಿ ಕೇಳಿ. ಅಲ್ಲಿ ಎಷ್ಟು ಜನ ಇದ್ದಾರೆ ಅಂತ ನೀವು ಬರೆದಿಲ್ಲ, ಆದರೆ ಅವನು ಎಣಿಸಿರುತ್ತಾನೆ. ಬೋಟಿನ ಮೇಲಿನ ಬೆಕ್ಕು ನನಗೆ ತುಂಬ ಹಿಡಿಸಿತು ಅಂತಲೂ ತಿಳಿಸಿ. ಮೀನಿಲ್ಲದ ಎರಡು ತಿಂಗಳು ಬಂದರಿನ ಬೆಕ್ಕು ಎಂತ ಮಾಡುತ್ತದೆ ಅಂತ ಯೋಚಿಸಿದವನ ತಲೆ ಚೆನ್ನಾಗುಂಟು.

ನನ್ನ ಅಣ್ಣ ಗೇಮ್ ಮಾಡುತ್ತಾನೆ. ಪ್ರತಿ ಸಲ ನನ್ನನ್ನು ಕೂರಿಸಿ ಆಡಿಸುತ್ತಾನೆ. ಚೆನ್ನಾಗುಂಟು ಅಂದರೆ 'ಸುಮ್ನೆ ಹೇಳ್ತಿ' ಅಂತಾನೆ. ಚೆನ್ನಾಗಿಲ್ಲ ಅಂದರೆ 'ನಿಂಗೆ ಎಂತ ಗೊತ್ತು' ಅಂತಾನೆ. ನನಗೆ ಗೇಮ್ ಬಗ್ಗೆ ನಿಜವಾಗಿಯೂ ಗೊತ್ತಿಲ್ಲ.
– ಪಿಯುಸಿ ಓದುವವಳು, ಕುಂಜಿಬೆಟ್ಟು, ಉಡುಪಿ

ಗೊತ್ತಿಲ್ಲದಿರುವುದಕ್ಕೇ ನಿನಗೆ ಬೆಲೆ, ತಂಗಿ. ಗೊತ್ತಿರುವವರು ಮಾಡಿದವನ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಿ ಆಡಿಬಿಡುತ್ತಾರೆ. ನೀನು ಹಾಗಲ್ಲ, ಪರದೆ ಮೇಲೆ ಕಂಡದ್ದನ್ನು ಮಾತ್ರ ನಂಬುತ್ತೀ.

ಇನ್ನು ಮುಂದೆ ಚೆನ್ನಾಗುಂಟು, ಚೆನ್ನಾಗಿಲ್ಲ ಎರಡೂ ಹೇಳಬೇಡ. ಆಡುವಾಗ ತಲೆಯಲ್ಲಿ ಬಂದದ್ದನ್ನು ಬಾಯಲ್ಲಿ ಹೇಳುತ್ತಾ ಹೋಗು. 'ಈ ಕೆಂಪು ಡಬ್ಬಿ ಮುಟ್ಟಬಹುದಾ? ಮುಟ್ಟಿದೆ, ಸತ್ತೆ. ಈಗ ಎಲ್ಲಿಗೆ ಹೋಗುವುದು? ಮೇಲೆ ಏನೋ ಹೊಳೀತಾ ಉಂಟು, ಅಲ್ಲಿಗೆ ಹೋಗ್ತೇನೆ.' ಇಷ್ಟೇ. ಬೋರಾದರೆ ಆ ಕ್ಷಣಕ್ಕೇ ಬೋರಾಯಿತು ಅನ್ನು. ಫೋನ್ ನೋಡಬೇಕು ಅನ್ನಿಸಿದರೆ ಅದನ್ನೂ ಹೇಳು.

ಕೆಳಗಿನದು ಅಣ್ಣನಿಗೆ ಓದಿ ಹೇಳು. ಅಣ್ಣ ಮಹಾರಾಯ, ತಂಗಿ ಆಡುವಾಗ ಹಿಂದೆ ಕೂತು 'ಅಲ್ಲ ಅಲ್ಲ, ಎಡಕ್ಕೆ, ಎಡಕ್ಕೆ' ಅನ್ನುತ್ತೀಯಲ್ಲ, ಆಟ ಡೌನ್‌ಲೋಡ್ ಮಾಡಿದ ಎಲ್ಲರ ಮನೆಗೂ ಹೋಗಿ ಹಾಗೆ ಹೇಳಲಿಕ್ಕೆ ಆಗುತ್ತದಾ? ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ನಾಲ್ಕೈದು ಜನ ಸೇರಿ ಒಬ್ಬರ ಆಟ ಇನ್ನೊಬ್ಬರು ಆಡುತ್ತೇವೆ. ಆಟ ಮಾಡಿದವರ ಕೈಯಲ್ಲಿ ಗೋಳಿಬಜೆಯ ಪ್ಲೇಟು ಕೊಡುತ್ತೇನೆ. ಬಿಸಿ ಗೋಳಿಬಜೆ ಬಾಯಲ್ಲಿ ಇದ್ದಾಗ ಯಾರಿಗೂ ಮಾತಾಡಲಿಕ್ಕೆ ಆಗುವುದಿಲ್ಲ. ಒಂದು ಪ್ಲೇಟು ಮುಗಿಯುವಷ್ಟು ಹೊತ್ತು ಬಾಯಿ ಮುಚ್ಚಿ, ತಂಗಿಯ ಕೈ ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ನೋಡು. ಬರೆದುಕೋ. ಆಮೇಲೆ ಒಂದೇ ಪ್ರಶ್ನೆ ಕೇಳು, 'ಈಗ ಆಡಿದ್ದನ್ನು ನಿನ್ನ ಫ್ರೆಂಡಿಗೆ ಹೇಗೆ ಹೇಳ್ತಿ?' ಅವಳು ಹೇಳುವ ಆಟ, ನೀನು ಮಾಡಿದ್ದೇನೆ ಅಂದುಕೊಂಡ ಆಟ, ಎರಡೂ ಒಂದೇನಾ ಅಂತ ನೋಡು. ನನಗಂತೂ ಮೊದಲ ಸಲ ಒಂದೇ ಆದದ್ದು ಇಲ್ಲ.

ಗಡುವಿಗೆ ಆರು ಗಂಟೆ ಇರುವಾಗ ರೂಮ್‌ಮೇಟ್ ಆಡಿ ಹತ್ತು ತಪ್ಪು ಹೇಳಿದ. ಯಾವುದು ಸರಿ ಮಾಡುವುದು ಅಂತ ಜಗಳ ಶುರುವಾಗಿ, ಯಾವುದೂ ಸರಿಯಾಗದೆ ಹಾಗೇ ಹಾಕಿದೆವು. ಮುಂದಿನ ಸಲಕ್ಕೆ ದಾರಿ ಹೇಳಿ.
– ಇಬ್ಬರು ಗೆಳೆಯರು, ಮೂಡುಬಿದಿರೆ

ಆ ಹತ್ತನ್ನೂ ಒಂದು ಹಾಳೆಯಲ್ಲಿ ಬರೆದು ಒಂದೊಂದಕ್ಕೂ ಕೇಳಿ: ಇದರಿಂದ ಆಟ ನಿಲ್ಲುತ್ತದಾ, ಇಲ್ಲ ಆಟ ಕುಂಟುತ್ತದಾ? ನಿಲ್ಲುವುದನ್ನು ಮಾತ್ರ ಮುಟ್ಟಿ. ಆಟ ತೆರೆಯುವುದಿಲ್ಲ, ಸತ್ತ ಮೇಲೆ ಮತ್ತೆ ಶುರು ಮಾಡಲಿಕ್ಕೆ ದಾರಿ ಇಲ್ಲ, ಮೊದಲ ಒಂದು ನಿಮಿಷದಲ್ಲಿ ಎಂತ ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಇಂಥದ್ದು. ಮೂರನೇ ಹಂತದ ಮರ ಚೆನ್ನಾಗಿಲ್ಲ ಅಂದರೆ ಇರಲಿ ಬಿಡಿ. ಜಾಸ್ತಿ ಜನ ಮೂರನೇ ಹಂತಕ್ಕೆ ಬರುವುದೇ ಇಲ್ಲ.

ಕಷ್ಟ ಜಾಸ್ತಿ ಅಂತ ರೂಮ್‌ಮೇಟ್ ಹೇಳಿದ್ದರೆ ಕಣ್ಣು ಮುಚ್ಚಿ ನಂಬಿ. ನೀವು ಅದನ್ನು ಎರಡು ದಿನದಲ್ಲಿ ನೂರಾರು ಸಲ ಆಡಿದ್ದೀರಿ, ನಿಮಗೆ ಸಪ್ಪೆ ಅನ್ನಿಸಿದ್ದು ಹೊಸಬರಿಗೆ ಖಾರ. ಶತ್ರುಗಳ ವೇಗ ಇಳಿಸುವುದು ಒಂದು ಅಂಕಿ ಬದಲಿಸುವ ಕೆಲಸ, ಎರಡು ನಿಮಿಷ ಸಾಕು. 'ಸೌಂಡ್ ಬರುವುದಿಲ್ಲ' ಅಂದಿದ್ದರೆ ಮೊದಲ ಪರದೆಗೆ ಒಂದು ಸ್ಟಾರ್ಟ್ ಬಟನ್ ಇಡಿ. ಆಡುವವರು ಒಂದು ಸಲ ಕ್ಲಿಕ್ ಮಾಡುವವರೆಗೆ ಈಗಿನ ಬ್ರೌಸರುಗಳು ಶಬ್ದ ಬಿಡುವುದಿಲ್ಲ. ಆಡುವ ವಿಧಾನವನ್ನು ಆಟದ ಒಳಗೇ ಬರೆಯಿರಿ. ಕೆಳಗೆ ಪುಟದಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ನಾನೂ ಓದುವುದಿಲ್ಲ.

ಮುಖ್ಯವಾಗಿ ಗಡುವಿಗೆ ಎರಡು ಗಂಟೆ ಮೊದಲೇ ಒಂದು ಸಲ ಅಪ್‌ಲೋಡ್ ಮಾಡಿ, ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಜೂನ್, ಜುಲೈಯಲ್ಲಿ ನಮ್ಮ ಕಡೆ ಕರೆಂಟು ಹೋಗಲಿಕ್ಕೆ ಒಂದು ಗುಡುಗು ಸಾಕು ಅಂತ ನಿಮಗೆ ಬೇರೆ ಹೇಳಬೇಕಾ?

ನನ್ನ ಮಗ ಎರಡು ರಾತ್ರಿ ನಿದ್ದೆ ಬಿಟ್ಟು ಆಟ ಮಾಡಿದ. ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಲ್ಯಾಪ್‌ಟಾಪ್ ತಂದು ತೋರಿಸಿದ. ಎಂತ ಹೇಳುವುದು ಅಂತ ತಿಳಿಯದೆ 'ಇದರಿಂದ ಎಂತ ಪ್ರಯೋಜನ, ಓದು' ಅಂದುಬಿಟ್ಟೆ. ಅವನು ಮತ್ತೆ ತೋರಿಸಲಿಲ್ಲ.
– ಒಬ್ಬ ತಂದೆ, ಕುಂದಾಪುರ

ಪ್ರಯೋಜನ ಆದವರ ಕಥೆ ಹೇಳಬಹುದು. ಫಿನ್‌ಲ್ಯಾಂಡಿನ ಅರ್ವಿ ತೆಯ್ಕಾರಿ 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ ಮಾಡಿದ 'ಬಾಬಾ ಈಸ್ ಯೂ' 2019ರಲ್ಲಿ ಪೂರ್ತಿ ಆಟವಾಗಿ ಬಂದು ಲೋಕವೆಲ್ಲ ಆಡಿತು. ಆದರೆ ಅದನ್ನು ನಂಬಿ ನಿಮ್ಮ ಮಗನಿಂದಲೂ ಅದೇ ಬೇಕು ಅಂತ ಕೂರಬೇಡಿ. ಜಾಮ್ ಆಟಗಳಲ್ಲಿ ಹೆಚ್ಚಿನವು ಜಾಮ್‌ಗೇ ಮುಗಿಯುತ್ತವೆ. ನನ್ನ ಬಸ್ಸೂ ಸ್ಟೇಟ್‌ಬ್ಯಾಂಕಿನಲ್ಲೇ ನಿಂತಿದೆ.

ಅವನು ನಿಮ್ಮ ಹತ್ತಿರ ಪ್ರಯೋಜನ ಕೇಳಲಿಕ್ಕೆ ಬಂದದ್ದಲ್ಲ, ಅಲ್ವಾ? ಇವತ್ತು ರಾತ್ರಿ ಊಟ ಆದ ಮೇಲೆ ನೀವೇ ಕೇಳಿ, 'ಆವತ್ತಿನ ಆಟ ಒಮ್ಮೆ ತೆಗಿ, ನೋಡುವ'. ಕನ್ನಡಕ ಹಾಕಿಕೊಂಡು ಕೂತುಕೊಳ್ಳಿ. ಯಾವ ಬಟನ್ ಅಂತ ಕೇಳಿ, ಒತ್ತಿ. ಐದು ನಿಮಿಷ ಸಾಕು. ಹೊಗಳಲಿಕ್ಕೆ ಕಷ್ಟಪಡಬೇಡಿ. ಅಕ್ಷರ ಸಣ್ಣದಾಗಿ ಕಂಡರೆ ಸಣ್ಣದು ಅಂತ ಹೇಳಿ. ಅದು ಅವನ ವಯಸ್ಸಿನವರು ಯಾರೂ ಅವನಿಗೆ ಹೇಳಿರುವುದಿಲ್ಲ.